ಹದಿನಾರರ ಹರೆಯವೂ ಮತದಾನದ ಹಕ್ಕೂ

ಮಂಜುಗಡ್ಡೆ ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಗಾಜಿಗಾದರೋ ಅಂಥ ಖಚಿತವಾದ ದ್ರವನಬಿಂದುವಿಲ್ಲ. ಕಾಯ್ದಂತೆಲ್ಲ ಅದು ಮೆಲ್ಲಮೆಲ್ಲನೆ ಮೆದುವಾಗುತ್ತದೆ. ಮಾನವನ ವಿವೇಕ ಬಲಿಯುವ ಬಗೆಯೂ ಗಾಜಿನಂಥದೇ. ಆದರೂ ಕಾನೂನಿಗೆ ಒಂದು ಗೆರೆ ಬೇಕು. ಅದನ್ನು ಎಲ್ಲಿ ಎಳೆಯಬೇಕೆಂಬುದೇ ಪ್ರಶ್ನೆ.

ನಮ್ಮ ಸಂವಿಧಾನ ಮೊದಲು ಆ ಗೆರೆಯನ್ನು 21 ವರ್ಷಕ್ಕೆ ಎಳೆದಿತ್ತು. ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ 18 ವರ್ಷವನ್ನು ಅಂಗೀಕರಿಸಿದ ತರುವಾಯ, 1989ರ ಮಾರ್ಚ್ 28ರಂದು ಜಾರಿಗೆ ಬಂದ 61ನೆಯ ತಿದ್ದುಪಡಿ ಅದನ್ನೇ ದೇಶಕ್ಕೆಲ್ಲ ಅನ್ವಯಿಸಿತು. ಬ್ರೆಜಿಲ್ 1988ರಲ್ಲಿಯೂ ಆಸ್ಟ್ರಿಯ 2007ರಲ್ಲಿಯೂ 16 ವರ್ಷದವರಿಗೆ ಮತ ನೀಡಿದವು. ನಾವೂ ಆ ದಾರಿಯನ್ನು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಎಳೆಯರಿಗೆ ಬುದ್ಧಿ ಸಾಲದೆಂಬ ಆಕ್ಷೇಪವನ್ನು ಪರೀಕ್ಷಿಸೋಣ. ಭಾರತವೂ ಸೇರಿದಂತೆ 11 ದೇಶಗಳಲ್ಲಿ, 10ರಿಂದ 30 ವರ್ಷದ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕುರಿತ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಸಾವಧಾನವಾಗಿ ತರ್ಕಿಸುವ ಶಕ್ತಿ 16ರ ಸುಮಾರಿಗೆ ವಯಸ್ಕರ ಮಟ್ಟವನ್ನು ಮುಟ್ಟುತ್ತದೆ. ಉದ್ವೇಗವನ್ನು ಹತ್ತಿಕ್ಕುವ ಸಂಯಮ ಮಾತ್ರ 18 ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ವಾಹನ ನಡೆಸುವವನು ಕ್ಷಣಾರ್ಧದಲ್ಲಿ ನಿರ್ಣಯಿಸಬೇಕು. ಮತದಾರನಿಗೆ ಯೋಚಿಸಲು ವಾರಗಟ್ಟಲೆ ಕಾಲಾವಕಾಶವುಂಟು. ಆದುದರಿಂದ ಎರಡಕ್ಕೂ ಒಂದೇ ವಯಸ್ಸಿರಬೇಕಾಗಿಲ್ಲ. ಹಿರಿಯರು ಕಿವಿಯೂದುವರೆಂಬ ಭಯವಿದ್ದರೆ, ಗುಪ್ತ ಮತದಾನವಿರುವುದೇ ಅದಕ್ಕಾಗಿ.

ಇನ್ನು ಸ್ವಲ್ಪ ಗಣಿತ. ವಿಧಾನಸಭೆಯ ಚುನಾವಣೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ. ಅದರ ಮುನ್ನ 18 ತುಂಬಿದವನು ಕೂಡಲೇ ಮತ ಹಾಕುತ್ತಾನೆ. ಅದು ಮುಗಿದೊಡನೆ 18 ತುಂಬಿದವಳು ಸುಮಾರು 23ರ ತನಕ ಕಾಯಬೇಕು. ಸರಾಸರಿ ಇಪ್ಪತ್ತೂವರೆ! ಗೆರೆಯನ್ನು 16ಕ್ಕೆ ಇಳಿಸಿದರೆ ಈ ಸರಾಸರಿ ಹದಿನೆಂಟೂವರೆಯಾಗುತ್ತದೆ.

ಇದು ಬರಿಯ ಲೆಕ್ಕವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ 13 ಹಳ್ಳಿಗಳ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕುಳಿತರು. ಸಾವಿರ ದಿನಗಳಿಗೂ ಮೀರಿ ಅದು ನಡೆಯಿತು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಧರಣಿ ಆರಂಭವಾದ ತಿಂಗಳಲ್ಲಿ 16 ತುಂಬಿದ ರೈತನ ಮಗಳೊಬ್ಬಳನ್ನು ಊಹಿಸಿಕೊಳ್ಳಿ. 2023ರ ಮೇ 10ರಂದು ವಿಧಾನಸಭೆಗೆ ಮತದಾನ ನಡೆದಾಗ ಆಕೆಗೆ 17. ಅವಧಿ ಪೂರ್ತಿಯಾಗಿ 2028ರಲ್ಲಿ ಚುನಾವಣೆ ಬಂದರೆ ಆಕೆಗೆ 22. ಆ ನೆಲವನ್ನು ಮುಂದೆ ಉಳುವವಳೋ ಅಥವಾ ಕಳೆದುಕೊಳ್ಳುವವಳೋ ಆಕೆಯೇ; ಆದರೆ ಅದರ ಭವಿಷ್ಯವನ್ನು ನಿರ್ಧರಿಸುವ ಸರ್ಕಾರವನ್ನು ಆರಿಸುವಲ್ಲಿ ಆಕೆಯ ಮಾತಿಗೆ ಎಡೆಯಿರಲಿಲ್ಲ.

ವಿಜ್ಞಾನದಲ್ಲಿ ಹೊಸ ಊಹೆಯನ್ನು ಮೊದಲು ಸಣ್ಣ ಪ್ರಯೋಗದಿಂದ ಪರೀಕ್ಷಿಸುವುದು ವಾಡಿಕೆ. ಸಂವಿಧಾನದ 326ನೆಯ ವಿಧಿ ಲೋಕಸಭೆ, ವಿಧಾನಸಭೆಗಳ ಮತದಾರರಿಗೆ ಸಂಬಂಧಿಸಿದ್ದು; ಪಂಚಾಯತಿ ಚುನಾವಣೆಯ ಕಾನೂನನ್ನು ರಾಜ್ಯವೇ ರಚಿಸಬಹುದು. ಜರ್ಮನಿಯ ಕೆಳ ಸ್ಯಾಕ್ಸನಿ ಪ್ರಾಂತ 1996ರಲ್ಲಿ ಸ್ಥಳೀಯ ಚುನಾವಣೆಗಳಿಂದಲೇ ಆರಂಭಿಸಿತು. ಕರ್ನಾಟಕವೂ ಗ್ರಾಮ ಪಂಚಾಯತಿಗಳಿಂದ ಆರಂಭಿಸಲಿ. ಕೆರೆ, ಕುಡಿಯುವ ನೀರು, ಶಾಲೆಯ ರಸ್ತೆ, ಇವು 16 ವರ್ಷದವರಿಗೆ ತಿಳಿಯದ ವಿಷಯಗಳೇನೂ ಅಲ್ಲ.

ವಿದ್ಯಾರ್ಥಿಮಿತ್ರರೇ, ಈಗಿರುವ ಹಕ್ಕನ್ನಾದರೂ ಕೈಬಿಡಬೇಡಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲನೆಯ ದಿನಗಳು ಮತದಾರರ ವಯಸ್ಸನ್ನು ಲೆಕ್ಕ ಹಾಕುವ ದಿನಗಳು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಹೆಸರು ಪಟ್ಟಿಯಲ್ಲಿಲ್ಲದವನ ವಿವೇಕ ಎಷ್ಟು ಬಲಿತಿದ್ದರೂ ಮತಪೆಟ್ಟಿಗೆಗೆ ಅದು ತಿಳಿಯದು.