ಉಣ್ಣಿ ಕಡಿತ, ಕೂಲಿ ಕಡಿತ

"ಉಣ್ಣಿ ಕಡದ್ರ ಸಾಯ್ತಾರೇನ್ರಿ?" ಅಂತ ನಗೋರಿಗೆ ಈ ಪೋಸ್ಟು.

ನಮ್ಮ ಝಳಕಿ ಕಡೆ ಎಮ್ಮಿ, ಆಡಿನ ಮೈಮ್ಯಾಲಿನ ಉಣ್ಣಿ ಎಲ್ಲರಿಗೂ ಗೊತ್ತು. ಕಿತ್ತು ಒಗೀತೀವಿ, ಮರೀತೀವಿ. ಆದ್ರ ನಮ್ಮ ಮಂದಿ ಬರೇ ಝಳಕ್ಯಾಗ ದುಡಿಯಾಂಗಿಲ್ಲ. ಮಳಿ ಕೈಕೊಟ್ಟ ವರ್ಷ ಗೋವಾಕ್ಕ, ಮಲೆನಾಡಿಗೆ ಗಂಟು ಕಟ್ಟತಾರ. ಅಲ್ಲಿ ಕಾಡಿನ ಉಣ್ಣಿ ಮಂಗನ ಕಾಯಿಲೆ ತರ್ತದ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ರೋಗ ಬಂದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೇ ಅಂತ ಔಷಧ ಇವತ್ತಿಗೂ ಇಲ್ಲ. ಹಳೆ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಅದನ್ನೂ ನಿಲ್ಲಿಸಿದರು.

ಯಾರಿಗೆ ಬಂತು ನೋಡ್ರಿ. 1982-83ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಮ್ಯಾಲೆ ರೋಗ ಹಬ್ಬಿತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನ ಎತ್ತಿ ಸುಟ್ಟ ಕೆಲಸಗಾರರಿಗೆ ಬಂತು. 2015ರಿಂದ ಗೋವಾದ ಸತ್ತರಿ ತಾಲ್ಲೂಕಿನ ಗೇರು ತೋಟದ ಕೂಲಿಕಾರರಿಗೆ ಬಂತು. ಸತ್ತ ಪ್ರಾಣಿ ಎತ್ತೂದು ಅಂದ್ರೇನು ಅಂತ ನಮ್ಮ ಕೇರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟಾದರೂ ಭಾಷಣದಾಗ ಏನಂತಾರ? "ಕೂಲಿಕಾರರಿಗೆ ಅರಿವಿಲ್ಲ." ಅರಿವು ತಗೊಳ್ರಿ: ಉಣ್ಣಿಗೆ ಬೀಡಿ ತಾಗಿಸಬ್ಯಾಡ್ರಿ, ಸೀಮೆಎಣ್ಣಿ ಹಾಕಬ್ಯಾಡ್ರಿ, ಹಿಚುಕಬ್ಯಾಡ್ರಿ. ಚಿಮಟದಿಂದ ಚರ್ಮಕ್ಕ ಹತ್ತಿ ಹಿಡಿದು ನೆಟ್ಟಗ ಜಗ್ಗಿ ತಗೀರಿ, ಸಾಬೂನು ಹಚ್ಚಿ ತೊಳೀರಿ. ಮುಂದ 3ರಿಂದ 8 ದಿನದಾಗ ಒಮ್ಮೆಲೆ ಜ್ವರ, ತಲಿನೋವು, ಮೈಕೈ ನೋವು ಬಂದ್ರ ಆಸ್ಪತ್ರೆಗೆ ಹೋಗ್ರಿ. "ಕಾಡಿನಾಗ ಕೆಲಸ ಮಾಡಿ ಬಂದೀನಿ" ಅಂತ ಬಾಯಿಬಿಟ್ಟು ಹೇಳ್ರಿ. ರಕ್ತ ಪರೀಕ್ಷೆ ಕೇಳ್ರಿ.

ಇಷ್ಟು ಅರಿವು ಒಂದು ನಿಮಿಷದ ಮಾತು. ಆದ್ರ ಜ್ವರ ಬಂದ ದಿನ ಕೂಲಿ ಯಾರು ಕೊಡ್ತಾರ? ಕೂಲಿ ಕಡಿತಾರಂತ ಜ್ವರ ಮುಚ್ಚಿಟ್ಟು ಕೆಲಸಕ್ಕ ಹೋದವಳಿಗೆ ಅರಿವಿಲ್ಲ ಅನ್ನಬ್ಯಾಡ್ರಿ. ಆಕಿಗೆ ಲೆಕ್ಕ ನಿಮಗಿಂತ ಚಲೋ ಗೊತ್ತದ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಪುಕ್ಕಟೆ ಚಿಕಿತ್ಸೆ, ರಕ್ಷಣೆಯ ಬಟ್ಟೆ ಗುತ್ತಿಗೆದಾರನ ಜವಾಬ್ದಾರಿ ಅಂತ ಬರೆದಿತ್ತು. ಯಾವ ಗುತ್ತಿಗೆದಾರ ಕೊಟ್ಟಾನ? ಯಾವ ಅಧಿಕಾರಿ ಕೇಳ್ಯಾನ?

ನಮ್ಮ ಬೇಡಿಕೆ ಮೂರೇ. ಕಾಡಿನ ಕೆಲಸಕ್ಕ ಹೋಗೋರಿಗೆ ಉಣ್ಣಿ ತಡೆಯೋ ಎಣ್ಣಿ, ಮೈತುಂಬ ಬಟ್ಟಿ. ಜ್ವರದ ದಿನಕ್ಕೂ ಕೂಲಿ. ನಮ್ಮೂರ ಸರ್ಕಾರಿ ಆಸ್ಪತ್ರ್ಯಾಗ ಜ್ವರದವರಿಗೆ ಮೊದಲ ಪ್ರಶ್ನೆ: "ಎಲ್ಲಿ ದುಡಿದು ಬಂದಿ?"

ಭಿಕ್ಷೆ ಅಲ್ಲ ಇದು, ಹಕ್ಕು. ಗೋವಾಕ್ಕ ಹೊಂಟವರಿಗೆ ಈ ಪೋಸ್ಟು ಓದಿ ಹೇಳ್ರಿ.

ಜೈ ಭೀಮ್.