ಅರ್ಹತೆಯ ಅಳತೆ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ಊರಿನಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಬುದ್ಧಿವಂತ ಹುಡುಗ, ಗೆದ್ದ" ಎಂಬುದು ಒಂದು. "ಇವನ ತಲೆಗೆ ವಿದ್ಯೆ ಹತ್ತಲಿಲ್ಲ" ಎಂಬುದು ಇನ್ನೊಂದು. ಈ ಎರಡು ಮಾತುಗಳ ಹಿಂದೆಯೂ ಇರುವ ನಂಬಿಕೆ ಒಂದೇ. ಪರೀಕ್ಷೆಯು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ; ಆದ್ದರಿಂದ ಅದು ಕೊಡುವ ತೀರ್ಪು ಅವರವರ ಯೋಗ್ಯತೆಯ ತೀರ್ಪು ಎಂಬುದೇ ಆ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ? ಶಿಕ್ಷಣವ್ಯವಸ್ಥೆಯು ಅರ್ಹತೆಯೊಂದನ್ನೇ ಗುರುತಿಸುತ್ತದೆಯೇ, ಅಥವಾ ಅರ್ಹತೆಯ ಹೆಸರಿನಲ್ಲಿ ಬೇರೆ ಏನನ್ನಾದರೂ ಅಳೆಯುತ್ತದೆಯೇ? ಸಮಾಜಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತಿರುವ ಈ ಪ್ರಶ್ನೆ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಂಬಂಧಿಸಿದ್ದಾಗಿದೆ.

ಮೊದಲಿಗೆ ಪರೀಕ್ಷೆಯ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಒಂದು ಕಾಲದಲ್ಲಿ ಅಧಿಕಾರವೂ ಉದ್ಯೋಗವೂ ಹುಟ್ಟಿದ ಮನೆತನವನ್ನು ನೋಡಿ ಅಥವಾ ದೊಡ್ಡವರ ಶಿಫಾರಸನ್ನು ನೋಡಿ ದೊರೆಯುತ್ತಿದ್ದವು. ಪರೀಕ್ಷೆಯು ಈ ಅನ್ಯಾಯಕ್ಕೆ ತಡೆಯೊಡ್ಡಿತು. ಸಾರ್ವಜನಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಿದ್ದುವವರಿಗೆ ವಿದ್ಯಾರ್ಥಿಯ ತಂದೆ ಯಾರು, ಜಾತಿ ಯಾವುದು, ಊರು ಯಾವುದು ಎಂಬುದು ತಿಳಿಯದು. ಬರೆದ ಉತ್ತರವಷ್ಟೇ ಅವರ ಕಣ್ಣಿಗೆ ಬೀಳುತ್ತದೆ. ಇದು ಸಾಮಾನ್ಯವಾದ ಸಾಧನೆಯಲ್ಲ. ಪರೀಕ್ಷೆಯನ್ನು ಕಿತ್ತೊಗೆದರೆ ಅದರ ಜಾಗಕ್ಕೆ ಮತ್ತೆ ಬಂದು ಕೂರುವುದು ಶಿಫಾರಸೇ ಹೊರತು ನ್ಯಾಯವಲ್ಲ.

ಆದರೆ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಆದಮಾತ್ರಕ್ಕೆ ಸ್ಪರ್ಧೆಯೂ ಸಮವಾಗುತ್ತದೆಯೇ? ನಮ್ಮ ದೇಶದ ಇತಿಹಾಸದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಭಾರತದ ಸಿವಿಲ್ ಸರ್ವೀಸಿನ ಹುದ್ದೆಗಳನ್ನು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮೊದಲು ತಮಗೆ ಬೇಕಾದವರಿಗೆ ಕೊಡುತ್ತಿದ್ದರು. 1853ರ ಕಾಯಿದೆಯು ಈ ಪದ್ಧತಿಯನ್ನು ಕೊನೆಗಾಣಿಸಿತು; 1855ರಲ್ಲಿ ಮೊದಲ ಮುಕ್ತ ಸ್ಪರ್ಧಾಪರೀಕ್ಷೆ ನಡೆಯಿತು. ನಿಯಮದಲ್ಲಿ ಭಾರತೀಯನಿಗೂ ಆಂಗ್ಲನಿಗೂ ಯಾವ ಭೇದವೂ ಇರಲಿಲ್ಲ. ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಸಮುದ್ರ ದಾಟುವ ವೆಚ್ಚ, ಪರಕೀಯ ನಾಡಿನ ವಾಸ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಮೀಸಲಾದ ಹೆಚ್ಚಿನ ಅಂಕಗಳು, ಇವೆಲ್ಲ ಭಾರತೀಯ ತರುಣನಿಗೆ ಎದುರಾಗಿ ನಿಂತಿದ್ದವು. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಇದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರೆನಿಸಿದರು. ಮುಂದೆ 1878ರಲ್ಲಿ ಅಭ್ಯರ್ಥಿಗಳ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಿದುದರಿಂದ ಕಷ್ಟ ಇಮ್ಮಡಿಯಾಯಿತು. ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಏಕಕಾಲಕ್ಕೆ ಪರೀಕ್ಷೆ ನಡೆಯಬೇಕೆಂದು ರಾಷ್ಟ್ರೀಯ ಕಾಂಗ್ರೆಸ್ 1885ರ ತನ್ನ ಮೊದಲ ಅಧಿವೇಶನದಲ್ಲಿಯೇ ಒತ್ತಾಯಿಸಿತು. ಅದು ಕೈಗೂಡಿದ್ದು 1922ರಲ್ಲಿ. ಅಷ್ಟು ವರ್ಷಗಳ ಕಾಲ ಬಾಗಿಲು ತೆರೆದೇ ಇತ್ತು. ಆದರೆ ಆ ಬಾಗಿಲಿನವರೆಗೆ ನಡೆದು ಬರುವ ದಾರಿ ಎಲ್ಲರಿಗೂ ಇರಲಿಲ್ಲ.

ಇಂದು ಪರೀಕ್ಷೆ ಬರೆಯಲು ಯಾರೂ ಸಮುದ್ರ ದಾಟಬೇಕಾಗಿಲ್ಲ, ನಿಜ. ಆದರೂ ದಾರಿಯ ಅಂತರ ಪೂರ್ತಿಯಾಗಿ ಅಳಿದಿಲ್ಲ. ಒಂದೇ ತರಗತಿಯ ಇಬ್ಬರು ವಿದ್ಯಾರ್ಥಿನಿಯರನ್ನು ಕಲ್ಪಿಸಿಕೊಳ್ಳಿ. ಒಬ್ಬಳು ಶಾಲೆ ಬಿಟ್ಟೊಡನೆ ನೀರು ಹೊತ್ತು ತರಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ತಾಯಿ ಕೂಲಿಯಿಂದ ಬರುವಷ್ಟರಲ್ಲಿ ಒಲೆ ಹೊತ್ತಿಸಬೇಕು. ಅವಳ ಮನೆಯಲ್ಲಿ ಅಕ್ಷರ ಕಲಿತವಳು ಅವಳೇ ಮೊದಲಿಗಳು. ಇನ್ನೊಬ್ಬಳಿಗೆ ಓದಲು ಪ್ರತ್ಯೇಕವಾದ ಕೋಣೆಯಿದೆ, ಅನುಮಾನ ಬಂದರೆ ಕೇಳಲು ಓದಿದ ತಂದೆತಾಯಿಗಳಿದ್ದಾರೆ, ಸಂಜೆ ಮನೆಪಾಠವಿದೆ. ವರ್ಷದ ಕೊನೆಯಲ್ಲಿ ಮೊದಲನೆಯವಳಿಗೆ 60 ಅಂಕ, ಎರಡನೆಯವಳಿಗೆ 80 ಅಂಕ ಬಂದವೆನ್ನೋಣ. ಅಂಕಪಟ್ಟಿ ಸುಳ್ಳು ಹೇಳಿಲ್ಲ. ಆದರೆ ಅದು ಪೂರ್ತಿ ಸತ್ಯವನ್ನೂ ಹೇಳಿಲ್ಲ. ಅದು ತಲುಪಿದ ಎತ್ತರವನ್ನು ಬರೆದಿಟ್ಟಿತು. ಏರಿ ಬಂದ ಆಳವನ್ನು ಬರೆದಿಡಲಿಲ್ಲ.

ಸಮಾಜಶಾಸ್ತ್ರಜ್ಞರು ಸಂಶೋಧನೆಯಿಂದ ತೋರಿಸಿಕೊಟ್ಟಿರುವುದು ಈ ಸಂಗತಿಯನ್ನೇ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ ಒಂದು ಸಮೀಕ್ಷೆ ನಡೆಯಿತು. 1966ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಮಕ್ಕಳ ಕಲಿಕೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವಾಗಿತ್ತು. ಫ್ರಾನ್ಸಿನ ಪಿಯೆರ್ ಬೂರ್ದಿಯು ಎಂಬ ಸಮಾಜಶಾಸ್ತ್ರಜ್ಞರು ಮನೆಯಲ್ಲಿ ಮಗುವಿಗೆ ತಾನಾಗಿ ದೊರೆಯುವ ಭಾಷೆ, ನಡೆನುಡಿ, ಪುಸ್ತಕದ ಪರಿಚಯ ಇವುಗಳನ್ನು 'ಸಾಂಸ್ಕೃತಿಕ ಬಂಡವಾಳ' ಎಂದು ಕರೆದರು. ಹಣದಂತೆಯೇ ಇದೂ ತಂದೆಯಿಂದ ಮಗನಿಗೆ ಬರುವ ಆಸ್ತಿ. ಆದರೆ ಶಾಲೆಯು ಇದನ್ನು ಆಸ್ತಿಯೆಂದು ಗುರುತಿಸದೆ ಹುಟ್ಟುಪ್ರತಿಭೆಯೆಂದು ಭಾವಿಸಿ ಬಹುಮಾನ ಕೊಡುತ್ತದೆ ಎಂಬುದು ಅವರ ವಾದ.

ಇದಕ್ಕೆ ಎದುರಾಗಿ ಒಂದು ಮಾತನ್ನು ಹೇಳುವವರಿದ್ದಾರೆ. "ಬೀದಿಯ ದೀಪದ ಕೆಳಗೆ ಓದಿ ಮೇಲೆ ಬಂದವರಿಲ್ಲವೇ? ಮನಸ್ಸಿದ್ದರೆ ಬಡತನ ಅಡ್ಡಿಯಾಗದು" ಎಂದು ಅವರು ಹೇಳುತ್ತಾರೆ. ಅಂಥ ಸಾಧಕರು ಇದ್ದಾರೆ. ಅವರು ಎಲ್ಲರ ಗೌರವಕ್ಕೂ ಪಾತ್ರರು. ಆದರೆ ತುಂಬಿ ಹರಿಯುವ ಹೊಳೆಯನ್ನು ಈಜಿ ದಾಟಿದವರು ಕೆಲವರಿದ್ದಾರೆಂದು ಸೇತುವೆ ಬೇಡವೆನ್ನುವುದು ವಿವೇಕವಲ್ಲ. ಶ್ರಮಕ್ಕೆ ಬೆಲೆಯಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಒಂದೇ ಫಲಕ್ಕಾಗಿ ಒಬ್ಬನು ಪಡಬೇಕಾದ ಶ್ರಮ ಇನ್ನೊಬ್ಬನದಕ್ಕಿಂತ ಹಲವು ಪಟ್ಟು ಹೆಚ್ಚಾಗಿರಬೇಕೇ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಚರ್ಚೆ ಕನ್ನಡ ನಾಡಿಗೂ ಹೊಸದಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳ ಬಹುಪಾಲು ಬ್ರಾಹ್ಮಣ ಸಮುದಾಯದವರ ಕೈಯಲ್ಲಿತ್ತು. ಇತರ ಸಮುದಾಯಗಳ ಮುಖಂಡರು ಈ ವಿಷಯವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ತಂದಾಗ, 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ನೇಮಕಕ್ಕೆ ಅರ್ಹತೆಯೇ ಆಧಾರವಾಗಿರಬೇಕು, ಹಿಂದುಳಿದವರನ್ನು ಶಿಕ್ಷಣದ ಮೂಲಕ ಮೇಲೆತ್ತಬೇಕು ಎಂಬುದು ಅವರ ನಿಲುವು. ಸಮಿತಿಯಾದರೋ ಹುದ್ದೆಗಳಲ್ಲಿ ಪಾಲನ್ನೂ, ಅದರ ಜೊತೆಗೆ ವಿದ್ಯಾರ್ಥಿವೇತನ ಮೊದಲಾದ ಶೈಕ್ಷಣಿಕ ನೆರವನ್ನೂ ಶಿಫಾರಸು ಮಾಡಿತು. ಎರಡು ಪಕ್ಷಗಳಲ್ಲಿ ಭಿನ್ನಾಭಿಪ್ರಾಯ ತೀವ್ರವಾಗಿದ್ದರೂ ಶಿಕ್ಷಣದ ನೆರವು ಬೇಕೆಂಬ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನಿಂತಿದ್ದರೆಂಬುದನ್ನು ನಾವು ಮರೆಯಬಾರದು. ವಿಶ್ವೇಶ್ವರಯ್ಯನವರ ಬಾಳೂ ಇದಕ್ಕೆ ಸಾಕ್ಷಿ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿ ಬೆಂಗಳೂರಿನಲ್ಲಿ ಓದಿದರು. ಆಮೇಲೆ ಮೈಸೂರು ಸರ್ಕಾರದ ನೆರವು ದೊರೆತುದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಮೇಧಾಶಕ್ತಿ ಅವರದೇ, ಆದರೆ ಅದು ಬೆಳಕಿಗೆ ಬರಲು ಸಮಾಜದ ಕೈಯೂ ಬೇಕಾಯಿತು.

ಅರ್ಹತೆಯನ್ನು ಕುರಿತ ಅತಿನಂಬಿಕೆಯಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಮೈಕೆಲ್ ಯಂಗ್ ಎಂಬ ಆಂಗ್ಲ ಸಮಾಜಶಾಸ್ತ್ರಜ್ಞರು 1958ರಲ್ಲಿ 'ಅರ್ಹತಾಪ್ರಭುತ್ವದ ಉದಯ' ಎಂಬ ಅರ್ಥದ ಹೆಸರಿನ ವಿಡಂಬನ ಕೃತಿಯನ್ನು ಬರೆದರು. ಬುದ್ಧಿ ಮತ್ತು ಶ್ರಮಗಳನ್ನು ಅಳೆದೇ ಎಲ್ಲರಿಗೂ ಸ್ಥಾನ ಕೊಡುವ ಸಮಾಜವೊಂದನ್ನು ಅವರು ಅದರಲ್ಲಿ ಕಲ್ಪಿಸಿದ್ದಾರೆ. ಅಲ್ಲಿ ಗೆದ್ದವರು ಎಲ್ಲವೂ ತಮ್ಮ ಯೋಗ್ಯತೆಯಿಂದಲೇ ಬಂದುದೆಂದು ಗರ್ವಪಡುತ್ತಾರೆ. ಸೋತವರಿಗೆ ಅವಕಾಶ ಸಿಗಲಿಲ್ಲವೆಂದು ಹೇಳಿಕೊಳ್ಳುವ ಸಮಾಧಾನವೂ ಉಳಿಯುವುದಿಲ್ಲ. ಯಂಗ್ ಅವರು ಎಚ್ಚರಿಕೆಯಾಗಿ ಬರೆದುದನ್ನು ಹಲವರು ಆದರ್ಶವೆಂದು ಎತ್ತಿಹಿಡಿದರು. ಇದನ್ನು ಕಂಡು 2001ರಲ್ಲಿ ಅವರೇ ತಮ್ಮ ಅಸಮಾಧಾನವನ್ನು ಬಹಿರಂಗವಾಗಿ ಸೂಚಿಸಬೇಕಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ತಕ್ಕಡಿಯನ್ನು ಮುರಿಯುವುದಲ್ಲ; ತೂಕಕ್ಕೆ ನಿಲ್ಲುವ ಮೊದಲು ಎಲ್ಲರಿಗೂ ಹೊಟ್ಟೆ ತುಂಬ ಊಟ, ಕೈಗೆ ಪುಸ್ತಕ, ಒಳ್ಳೆಯ ಗುರು, ಓದಲು ಬೆಳಕು ದೊರೆಯುವಂತೆ ನೋಡಿಕೊಳ್ಳುವುದು. ನಮ್ಮ ನಾಡಿನ ವಿದ್ಯಾರ್ಥಿನಿಲಯಗಳೂ, ವಿದ್ಯಾರ್ಥಿವೇತನಗಳೂ, 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವೂ ಈ ದಿಕ್ಕಿನ ಹೆಜ್ಜೆಗಳು. ಇವು ಅರ್ಹತೆಗೆ ವಿರುದ್ಧವಾದ ದಾನಗಳಲ್ಲ. ಅರ್ಹತೆ ಇರುವಲ್ಲಿ ಅದು ಬಾಡಿಹೋಗದಂತೆ ಎರೆಯುವ ನೀರು.

ಮುಂದಿನ ವರ್ಷ ಸಾರ್ವಜನಿಕ ಪರೀಕ್ಷೆಗೆ ಕೂರಲಿರುವ ನೀವು ಶ್ರದ್ಧೆಯಿಂದ ಓದಬೇಕು. ಅದರಲ್ಲಿ ಎರಡು ಮಾತಿಲ್ಲ. ಹೆಚ್ಚು ಅಂಕ ಬಂದರೆ ಸಂತೋಷಪಡಿ; ಜೊತೆಗೆ ನಿಮ್ಮನ್ನು ಅಲ್ಲಿಗೆ ತಲುಪಿಸಿದ ಕೈಗಳನ್ನು ನೆನೆಯಿರಿ. ಕಡಿಮೆ ಬಂದರೆ ಮರಳಿ ಯತ್ನಿಸಿ. ಆದರೆ ನೀವು ಕೆಲಸಕ್ಕೆ ಬಾರದವರೆಂದು ಎಂದಿಗೂ ಭಾವಿಸಬೇಡಿ. ಪಕ್ಕದಲ್ಲಿ ಕುಳಿತ ಗೆಳೆಯನ ಅಂಕಗಳನ್ನು ಕೇಳುವಾಗ ಅವನು ಎಷ್ಟು ದೂರದಿಂದ ನಡೆದು ಬಂದಿದ್ದಾನೆಂಬುದನ್ನೂ ಕೇಳಿ ತಿಳಿಯಿರಿ.