ಮನೆಯ ಆರೋಗ್ಯ: ಗುಳಿಗೆಯೂ ಮೈಕೈ ನೋವೂ

ಗೋಣಿಬೀಡಿನ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಮೈಕೈ ನೋವಿಲ್ಲದವರು ವಿರಳ. ಆದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯನ್ನು ಸೇವಿಸುವವರು ಈ ನೋವನ್ನು ವಿವೇಚಿಸಿ ನೋಡಬೇಕೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ.

1973ರಲ್ಲಿ ಜಪಾನಿನ ಅಕಿರಾ ಎಂಡೋ ಎಂಬವರು ಬೂಷ್ಟಿನಲ್ಲಿ ಕಂಡ ವಸ್ತುವೇ ಈ ಔಷಧಿಗಳಿಗೆ ಮೂಲ. ಯಕೃತ್ತು ಕೊಲೆಸ್ಟರಾಲನ್ನು ತಯಾರಿಸುವುದನ್ನು ಇವು ತಗ್ಗಿಸುವುವು. ಕೊರತೆಯನ್ನು ತುಂಬಲು ಯಕೃತ್ತು ಅದನ್ನು ರಕ್ತದಿಂದ ಸೆಳೆದುಕೊಳ್ಳುವುದು. ಹೀಗೆ ಹೃದಯಾಘಾತದ ಭಯವು ಕಡಮೆಯಾಗುವುದು.

ಕೆಲವರಿಗೆ ಮಾಂಸಖಂಡಗಳು ನೋಯುವುವು. ರಕ್ತದ ಸಕ್ಕರೆಯು ತುಸು ಏರುವುದೂ ಉಂಟು. ದುಡಿಮೆಯ ನೋವು ವಿಶ್ರಾಂತಿಯಿಂದ ಕಳೆಯುವುದು. ಕಳೆಯದೆ ತೊಡೆತೋಳುಗಳು ಸೋತರೆ ವೈದ್ಯರಿಗೆ ತಿಳಿಸಬೇಕು. ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇದು ಬಲು ಅಪೂರ್ವ, ಆದರೂ ಮೂತ್ರಪಿಂಡಕ್ಕೆ ಅಪಾಯಕರ.

ಅಲ್ಪ ನೋವಿಗೆ ಹೆದರಿ ಗುಳಿಗೆಯನ್ನು ತಾವಾಗಿ ಬಿಡುವುದೂ ಕೇಡೇ. ಪ್ರಮಾಣವನ್ನು ತಗ್ಗಿಸಲು, ಬೇರೊಂದನ್ನು ಕೊಡಲು ವೈದ್ಯರಿಗೆ ದಾರಿಯುಂಟು.